ಕೆಂಪು ಗೆರೆ ದಾಟಿದ ನೀರು

ಬಿಸಿಲು ಇಳಿದು ಗಾಳಿ ತಣ್ಣಗಾಗಲು ಶುರುವಾದ ತಿಂಗಳು ಅದು. ಬೆಳಗಿನ ಹತ್ತು ಗಂಟೆ ಇದ್ದೀತು. ಬಣ್ಣದ ಕಾರ್ಖಾನೆಯೊಳಗೆ, ಕಿಟಕಿಯ ಪಕ್ಕದ ಮೇಜಿನ ಮುಂದೆ ಅವಳು ನಿಂತಿದ್ದಳು. ಕೈಯಲ್ಲಿ ಅಯೋಡಿನ್ ತುಂಬಿದ ಸಣ್ಣ ಬಾಟಲಿ.

ಮಗ್ಗದಿಂದ ಬಂದ ಬಟ್ಟೆಯಲ್ಲಿ ಗಂಜಿ ಇರುತ್ತದೆ. ನೇಯುವಾಗ ನೂಲು ಕಡಿಯದಿರಲೆಂದು ಹಾಕಿದ ಗಂಜಿ. ಅದು ಹೋಗದೆ ಬಣ್ಣ ಹಿಡಿಯುವುದಿಲ್ಲ, ಹಿಡಿದರೂ ತೇಪೆ ತೇಪೆ. ಗಂಜಿ ಹೋಗಿದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಒಂದು ಹನಿ ಅಯೋಡಿನ್ ಬಿಟ್ಟರೆ ಸಾಕು. ಗಂಜಿ ಇದ್ದರೆ ಕಡು ನೀಲಿ, ಇಲ್ಲದಿದ್ದರೆ ತಿಳಿ ಹಳದಿ. ಒಂಬತ್ತು ವರ್ಷ ಚುಕ್ಕಿ ಇಟ್ಟು ಇಟ್ಟು ಅವಳ ಹೆಸರೇ ಚುಕ್ಕಿ ಎಂದಾಗಿತ್ತು.

"ಇಷ್ಟು ಸಣ್ಣ ಹನೀಲಿ ಏನ್ ಗೊತ್ತಾಗುತ್ತೆ?"

ಬೆನ್ನ ಹಿಂದೆ ಗಂಡಸಿನ ದನಿ! ಬೆಚ್ಚಿ ತಿರುಗಿದಳು. ಹನಿ ಬಟ್ಟೆಯ ಮೇಲೆ ಬೀಳದೆ, ಬಂದವನ ಬಿಳಿ ಅಂಗಿಯ ತೋಳಿನ ಮೇಲೆ ಬಿತ್ತು. ಕಣ್ಣು ಮಿಟುಕಿಸುವುದರಲ್ಲಿ ಕಡು ನೀಲಿ!

"ಅಯ್ಯೋ... ಹೊಸ ಅಂಗಿ ಕಣ್ರೀ!"

"ಹೊಸದೋ ಹಳೇದೋ ನಂಗೊತ್ತಿಲ್ಲ. ಗಂಜಿ ಮಾತ್ರ ಚೆನ್ನಾಗಿ ಹಾಕ್ಸಿದ್ದೀರಿ. ಈಗ ಗೊತ್ತಾಯ್ತಲ್ಲ, ಸಣ್ಣ ಹನೀಲಿ ಏನ್ ಗೊತ್ತಾಗುತ್ತೆ ಅಂತ?"

ತೊಟ್ಟಿ ತೊಳೆಯುತ್ತಿದ್ದ ಅಜ್ಜ ಬೊಚ್ಚು ಬಾಯಿ ಬಿಟ್ಟು ನಕ್ಕ. "ಬಂದ ಗಳಿಗೇಲೇ ಮುದ್ರೆ ಬಿತ್ತು, ಮಾಸ್ತರ್ರೇ!"

ಬಂದವನೂ ನಕ್ಕುಬಿಟ್ಟ. ಬೈಯಬೇಕಿತ್ತು, ನಕ್ಕ! ಎಷ್ಟು ದಿನವಾಗಿತ್ತು ಈ ಗೋಡೆಗಳ ನಡುವೆ ಯಾರಾದರೂ ಹಾಗೆ ನಕ್ಕು!

ಅವನ ಹೆಗಲಲ್ಲಿ ಒಂದು ಚೀಲ. ಚೀಲದಲ್ಲಿ ಮೊಳಕೆ ಬರಿಸಿದ ಕಾಳಿನಿಂದ ತೆಗೆದ ಪುಡಿ. ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅವನು ಪುಡಿ ಮಾಸ್ತರ.

ಕಾರ್ಖಾನೆ ಅವಳ ಸೋದರಮಾವನದು. ಮನೆ ಕಾರ್ಖಾನೆಯ ಮೇಲೆಯೇ. ಅಪ್ಪ ತೀರಿಕೊಂಡಾಗ ಅವಳಿಗೆ ಹದಿನೈದು. ಅಮ್ಮ ಅವಳನ್ನು ಕರೆದುಕೊಂಡು ಅಣ್ಣನ ಮನೆ ಸೇರಿದಳು. ಅಮ್ಮ ಒಲೆಯ ಮುಂದೆ, ಮಗಳು ಬಾಟಲಿಯ ಮುಂದೆ. ಮಾವ ಕೆಟ್ಟವನಲ್ಲ. ತಾನುಂಡದ್ದನ್ನೇ ಇವರಿಗೂ ಇಕ್ಕಿದ. ಆದರೆ ಗೇಟು ದಾಟಲು ಮಾತ್ರ ಬಿಡುತ್ತಿರಲಿಲ್ಲ.

"ಹೊರಗೇನಿದೆ ಚುಕ್ಕಿ? ಎಲ್ಲಾ ಇಲ್ಲೇ ಇದೆಯಲ್ಲ" ಎನ್ನುವನು.

ಎರಡು ಸಲ ಹೆಣ್ಣು ಕೇಳಿಕೊಂಡು ಬಂದವರನ್ನು ಗೇಟಿನಿಂದಲೇ ಕಳಿಸಿದ್ದ. ಅಮ್ಮ ತುಟಿ ಬಿಚ್ಚಲಿಲ್ಲ. ಅವಳೂ ಬಿಚ್ಚಲಿಲ್ಲ. ಹೀಗೆ ಇಪ್ಪತ್ನಾಲ್ಕು ತುಂಬಿತ್ತು.

ಆ ಕಾರ್ಖಾನೆಯಲ್ಲಿ ಗಂಜಿ ಬಿಡಿಸಲು ಬಟ್ಟೆಯನ್ನು ಮೂರು ದಿನ ನೀರಿನಲ್ಲಿ ಕೊಳೆಹಾಕುತ್ತಿದ್ದರು. ನಾತ ಕೂದಲಿಗೆ, ದಿಂಬಿಗೆ, ಅನ್ನಕ್ಕೂ ಹತ್ತುತ್ತಿತ್ತು. ತನ್ನ ಪುಡಿ ಹಾಕಿದರೆ ಮೂರು ದಿನದ ಕೆಲಸ ಮೂರು ತಾಸಿನಲ್ಲಿ ಆಗುತ್ತದೆ ಎಂದ ಮಾಸ್ತರ. ಮಾವ ಒಪ್ಪಲಿಲ್ಲ, ಅಟ್ಟಲೂ ಇಲ್ಲ.

"ಒಂದು ತಿಂಗಳು ಇದ್ದು ಸಣ್ಣಪುಟ್ಟದ್ದು ಮಾಡಿ ತೋರಿಸು. ಆಮೇಲೆ ಒಂದು ದಿನ ನಲವತ್ತು ಥಾನು ಬಟ್ಟೆ ಒಟ್ಟಿಗೆ. ಗಂಜಿ ಹೋದ್ರೆ ನೀನಿಲ್ಲೇ ಕಾಯಂ. ಹೋಗದಿದ್ರೆ ಗೇಟು ಅಲ್ಲಿದೆ."

ಆ ಒಂದು ತಿಂಗಳು!

ಅವಳು ಹನಿ ಬಿಡುವಾಗ ಅವನು ಮೇಜಿನ ಆಚೆ ನಿಂತು ಹೇಳುತ್ತಿದ್ದ.

"ಗಂಜಿ ಅಂದ್ರೆ ಏನು ಗೊತ್ತಾ? ಸಕ್ಕರೆ. ಒಂದಕ್ಕೊಂದು ಕೈ ಹಿಡ್ಕೊಂಡು ಸಾಲಾಗಿ ನಿಂತ ಸಕ್ಕರೆ. ಈ ಹತ್ತಿ ಬಟ್ಟೇನೂ ಅದೇ ಸಕ್ಕರೆ ಸರಪಳಿ!"

"ಸುಳ್ಳು! ಹಾಗಿದ್ರೆ ನಿಮ್ಮ ಪುಡಿ ಬಟ್ಟೇನೂ ತಿಂದು ಹಾಕಬೇಕಲ್ಲ?"

"ಬುದ್ಧಿವಂತೆ. ಕೊಂಡಿ ಹಾಕಿರೋ ರೀತಿ ಬೇರೆ ಬೇರೆ. ಪುಡಿಯೊಳಗೆ ಕಿಣ್ವ ಅಂತ ಇದೆ. ಅದಕ್ಕೆ ಗಂಜಿಯ ಕೊಂಡಿ ಬಿಚ್ಚೋಕೆ ಮಾತ್ರ ಬರುತ್ತೆ. ಬಟ್ಟೆ ಕೊಂಡಿ ಮುಟ್ಟೋದೂ ಇಲ್ಲ."

'ನನ್ನ ಕೊಂಡಿ ಬಿಚ್ಚೋಕೆ ಯಾವ ಪುಡಿ ಇದೆಯೋ...' ಅಂದುಕೊಂಡಳು. ಬಾಯಲ್ಲಿ ಬೇರೆಯೇ ಬಂತು. "ಆ ಕಿಣ್ವ ಅನ್ನೋದು ಹುಳಾನಾ?"

"ಹುಳ ಅಲ್ಲ ಮಾರಾಯ್ತಿ. ಜೀವ ಇಲ್ಲ ಅದಕ್ಕೆ. ಪ್ರೋಟೀನು, ಮೊಟ್ಟೆಯ ಬಿಳಿ ಭಾಗದ ಥರ. ಉದ್ದ ದಾರಾನ ಒಂದು ಲೆಕ್ಕದಲ್ಲಿ ಮಡಚಿ ಇಟ್ಟ ಹಾಗಿರುತ್ತೆ. ಆ ಮಡಿಕೆ ಇರೋ ತನಕ ಕೆಲಸ."

ಮಾರಾಯ್ತಿ ಎಂದುಬಿಟ್ಟಿದ್ದ! ಆಚೆಯಿಂದ ತೊಟ್ಟಿ ಅಜ್ಜ ಸುಮ್ಮನೆ ಕೆಮ್ಮಿದ.

ಪರೀಕ್ಷೆಯ ಹಿಂದಿನ ದಿನ ಮಾಸ್ತರ ಅವಳ ಕಣ್ಣು ನೋಡದೆ, ಕಿಟಕಿ ನೋಡುತ್ತಾ ಹೇಳಿದ. "ನಾಳೆ ಕೆಲಸ ಕಾಯಂ ಆದ್ರೆ... ನಾಡಿದ್ದು ನಿಮ್ಮ ಅಮ್ಮನ ಹತ್ರ ಮಾತಾಡ್ತೀನಿ. ಬೇಡ ಅನ್ನೋದಿದ್ರೆ ಈಗ್ಲೇ ಅಂದ್ಬಿಡಿ."

ಅವಳು ಬೇಡ ಅನ್ನಲಿಲ್ಲ. ಬಾಟಲಿಯ ಮುಚ್ಚಳ ಹಾಕಲು ಹೋಗಿ ಮೂರು ಸಲ ತಪ್ಪಿದಳು.

ಮಾರನೆಯ ದಿನ ಬೆಳಗ್ಗೆ ನಲವತ್ತು ಥಾನು ದೊಡ್ಡ ತೊಟ್ಟಿಗೆ ಇಳಿದವು. ನೀರಿಗೆ ಪುಡಿ ಬೆರೆಸಿದ್ದಾಯಿತು. ಬಿಸಿ ಅಳೆಯುವ ಕೋಲಿನ ಮೇಲೆ ಮಾಸ್ತರ ಕೆಂಪು ಗೆರೆ ಎಳೆದಿದ್ದ. ನೀರು ಆ ಗೆರೆಯಲ್ಲಿಯೇ ನಿಲ್ಲಬೇಕು. ನೀರು ಬಿಸಿ ಮಾಡುವ ಹಬೆಯ ವಾಲ್ವ್ ಕಾಯಲು ಅವಳನ್ನೇ ನಿಲ್ಲಿಸಿದ. "ನಿಮ್ಮ ಕೈಯಷ್ಟು ನಂಬಿಕೆ ನಂಗೆ ಬೇರೆ ಯಾರ ಕೈ ಮೇಲೂ ಇಲ್ಲ."

ಮಾವನನ್ನು ಕರೆಯಲು ಹೊರಟವನು ಹಿಂದಿರುಗಿ ಬಂದು ಒಂದು ತುಂಡು ಬ್ರೆಡ್ಡು ಕೊಟ್ಟ. "ಬರೀ ಬ್ರೆಡ್ಡು. ನುಂಗಬೇಡಿ. ಕಣ್ಣು ಮುಚ್ಕೊಂಡು ನೂರು ಎಣಿಸೋ ತನಕ ಅಗೀತಾ ಇರಿ. ಗಂಜಿ ಹೇಗೆ ಸಕ್ಕರೆ ಆಗುತ್ತೆ ಅಂತ ನಿಮ್ಮ ನಾಲಿಗೇನೇ ಹೇಳುತ್ತೆ. ಎಂಜಲಲ್ಲೂ ಕಿಣ್ವ ಇದೆ."

ಅವನು ಹೋದ. ಅವಳು ಕಣ್ಣು ಮುಚ್ಚಿದಳು.

ಇಪ್ಪತ್ತು... ನಲವತ್ತು... ಏನೂ ಇಲ್ಲ. ಅರವತ್ತು... ಎಲ್ಲಿಂದಲೋ ಒಂದು ಎಳೆ ಸಿಹಿ. ಎಂಬತ್ತು... ಬಾಯಿ ತುಂಬ ಸಿಹಿ! ನಾಳೆ ಅಮ್ಮನ ಮುಂದೆ ಅವನು ಹೇಗೆ ಕೂರುತ್ತಾನೆ, ಏನು ಮಾತಾಡುತ್ತಾನೆ... ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ, ಮತ್ತೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು.

ಕೊತ ಕೊತ ಸದ್ದು!

ಕಣ್ಣು ಬಿಟ್ಟರೆ ತೊಟ್ಟಿ ಕುದಿಯುತ್ತಿದೆ. ನೀರು ಕೆಂಪು ಗೆರೆ ದಾಟಿ ಎಲ್ಲಿಗೋ ಹೋಗಿದೆ! ವಾಲ್ವ್ ತಿರುಗಿಸಿದಳು. ಓಡಿ ಕೊಡಪಾನ ಕೊಡಪಾನ ತಣ್ಣೀರು ಸುರಿದಳು. ಕೋಲು ನೋಡಿದಳು. ಇಳಿಯಿತು... ಇಳಿಯಿತು... ಸರಿಯಾಗಿ ಗೆರೆಗೆ ಬಂದು ನಿಂತಿತು. 'ಸದ್ಯ!'

"ಸರಿಯಿದೆಯಾ?" ಬಾಗಿಲಲ್ಲಿ ಮಾಸ್ತರ, ಅವನ ಹಿಂದೆ ಮಾವ.

"ಸರಿಯಿದೆ" ಎಂದಳು. ಸರಿಯೇ ಇತ್ತಲ್ಲ! ಮಾವನ ಎದುರು, ಇವರು ಕೊಟ್ಟ ಬ್ರೆಡ್ಡು ಕಣ್ಣು ಮುಚ್ಚಿ ತಿನ್ನುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು?

ಮೂರು ತಾಸಾಯಿತು. ಎಲ್ಲರೂ ಸುತ್ತ ನಿಂತರು. ಅವಳು ಹನಿ ಬಿಟ್ಟಳು.

ಕಡು ನೀಲಿ.

"ಇನ್ನೊಂದ್ಸಲ ಹಾಕಿ..." ಎಂದ ಮಾಸ್ತರ.

ನೀಲಿ. ಮೂಲೆಯಲ್ಲಿ ನೀಲಿ. ನಡುವೆ ನೀಲಿ. ಎಲ್ಲಿ ಹಾಕಿದರೂ ನೀಲಿ!

ಅವಳು ಬಾಟಲಿ ಕೆಳಗಿಟ್ಟಳು. ನೀರನ್ನು ಗೆರೆಗೆ ತಂದಿದ್ದೆನಲ್ಲ? ಹಾಗಾದರೆ ಇವರ ಪುಡಿಯೇ ಸುಳ್ಳೇ? ಸಕ್ಕರೆ, ಸರಪಳಿ, ನಾಳೆಯ ಮಾತು... ಎಲ್ಲಾ ಬಣ್ಣದ ಮಾತೇ?

ಮಾವ ಕೂಗಾಡಲಿಲ್ಲ. ಹೋಗಿ ಗೇಟು ತೆರೆದು ನಿಂತ.

ಮಾಸ್ತರ ಅವಳ ಮೇಜಿನ ಬಳಿ ಬಂದ. "ನನ್ನ ಪುಡೀನೇ ಸರಿಯಿಲ್ಲ ಅನ್ಸುತ್ತೆ. ನನ್ನ ನಂಬಿ ಮೋಸ ಹೋದ್ರಿ."

ಒಂದು ಮಾತು, ಒಂದೇ ಮಾತು ಆಡಬಹುದಿತ್ತು. ಅವಳು ಆಡಲಿಲ್ಲ. ಅವನು ಹೋದ ಮೇಲೆ ಗೇಟು ಮುಚ್ಚಿತು.

ಮತ್ತೆ ಮೂರು ದಿನದ ನೀರು. ಮತ್ತೆ ಅದೇ ನಾತ. ಕಿಟಕಿಯ ಆಚೆ ಜನ ಓಡಾಡುತ್ತಿದ್ದರು, ಅವಳು ಒಳಗೆ. ಒಂದೊಂದು ಸಲ ಹನಿ ಬಿಡಲು ಕೈ ಎತ್ತಿದವಳು ಹಾಗೇ ನಿಂತುಬಿಡುತ್ತಿದ್ದಳು. ಈ ಗೋಡೆಯೊಳಗೇ ಕೂದಲು ಹಣ್ಣಾಗುತ್ತದೆ, ಈ ಕೈಯಲ್ಲಿ ಇದೇ ಬಾಟಲಿ ಇರುತ್ತದೆ... ಆದರೂ ಊಟ ಮಾಡಿದಳು, ಮಲಗಿದಳು, ಎದ್ದಳು. ಎಷ್ಟೋ ಹೆಣ್ಣುಮಕ್ಕಳು ಹಾಗೇ ಬದುಕುತ್ತಾರೆ, ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಮೂರು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಅಮ್ಮ ಮೊಟ್ಟೆ ಬೇಯಿಸಿ, ತಣ್ಣೀರಿಗೆ ಹಾಕಿ, "ಸುಲಿದು ಕೊಡೇ" ಎಂದಳು.

ಚುಕ್ಕಿ ಮೊಟ್ಟೆ ಕೈಗೆತ್ತಿಕೊಂಡಳು. ತಣ್ಣಗಿತ್ತು. ಸುಲಿದಳು. ಒಳಗೆ ಬಿಳಿ, ಗಟ್ಟಿ.

ಕೈ ನಿಂತುಹೋಯಿತು.

"ಅಮ್ಮಾ... ತಣ್ಣೀರಿಗೆ ಹಾಕಿದ್ರೆ ಬೆಂದ ಮೊಟ್ಟೆ ಮತ್ತೆ ಹಸಿ ಆಗುತ್ತಾ?"

"ಹುಚ್ಚು ಹಿಡಿಯಿತೇನೇ? ಬೆಂದದ್ದು ಬೆಂದ ಹಾಗೇ. ತಣ್ಣೀರಲ್ಲ, ಮಂಜುಗಡ್ಡೆ ಸುರಿದ್ರೂ ಅಷ್ಟೇ."

ಮೊಟ್ಟೆಯ ಬಿಳಿ ಭಾಗದ ಥರ, ಎಂದಿದ್ದ. ಮಡಿಕೆ ಇರೋ ತನಕ ಕೆಲಸ, ಎಂದಿದ್ದ. ಅಯ್ಯೋ! ಕುದಿದ ಗಳಿಗೆಯಲ್ಲೇ ಮಡಿಕೆ ಬಿಚ್ಚಿಹೋಗಿತ್ತು. ತಾನು ತಣ್ಣೀರು ಸುರಿದು ಕೋಲನ್ನು ಗೆರೆಗೆ ತಂದಿದ್ದಳು; ಪುಡಿಯನ್ನು ತರಲಾಗಿರಲಿಲ್ಲ!

ಕೆಳಗೆ ಓಡಿದಳು. ಮಾಸ್ತರ ಬಿಟ್ಟುಹೋದ ಡಬ್ಬದಲ್ಲಿ ಇನ್ನೂ ಒಂದು ಹಿಡಿ ಪುಡಿ ಇತ್ತು. ಎರಡು ಬಟ್ಟಲಲ್ಲಿ ಕದಡಿದಳು. ಒಂದನ್ನು ಗೆರೆಯಷ್ಟೇ ಬಿಸಿ ಮಾಡಿದಳು. ಇನ್ನೊಂದನ್ನು ಕುದಿಸಿ, ಆರಿಸಿ, ಅದೇ ಬಿಸಿಗೆ ತಂದಳು. ಎರಡಕ್ಕೂ ಒಂದೊಂದು ಚೂರು ಗಂಜಿ ಬಟ್ಟೆ. ಮೂರು ತಾಸು ನೆಲದ ಮೇಲೆ ಕೂತು ಕಾದಳು.

ಒಂದು ತಿಳಿ ಹಳದಿ. ಒಂದು ಕಡು ನೀಲಿ.

ಎರಡನ್ನೂ ಹಿಡಿದು ನೆಟ್ಟಗೆ ಮಾವನ ಮುಂದೆ ನಿಂತಳು. ಬ್ರೆಡ್ಡಿನಿಂದ ಹಿಡಿದು ಎಲ್ಲಾ ಹೇಳಿದಳು. ಕೆಲಸದವರೆಲ್ಲ ಕೇಳಿಸಿಕೊಂಡರು. ಆದರೂ ಅವಳು ನಡುವೆ ನಿಲ್ಲಿಸಲಿಲ್ಲ.

ಮಾವ ಹಳದಿ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಾಗಾದ್ರೆ ಪುಡಿ ಒಳ್ಳೇದೇ. ತರಿಸೋಣ. ನೀನೇ ನೋಡ್ಕೊ. ಅವನ ಸುದ್ದಿ ಮಾತ್ರ ಬೇಡ. ಗೇಟಿನಾಚೆ ಕಳಿಸಿದವನನ್ನ ನಾನು ವಾಪಸ್ ಕರೆಯಲ್ಲ."

"ತಪ್ಪು ನಂದು, ಮಾವ. ಅವರಿಗೆ ಹೇಳ್ಬೇಕು."

"ಗೇಟು ದಾಟಿದ್ರೆ ಈ ಮನೆಗೆ ಮತ್ತೆ ಬರೋ ಹಾಗಿಲ್ಲ, ಚುಕ್ಕಿ."

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಸೌಟು.

"ನನ್ನ ಯಾಕೆ ನೋಡ್ತೀಯಾ? ನನ್ನ ನೆಪ ಹೇಳಿ ಇಲ್ಲೇ ಕೂರಬೇಡ. ಅಣ್ಣನಿಗೆ ಬೇಯಿಸಿ ಹಾಕೋಕೆ ನಾನಿದ್ದೀನಿ. ಹೋಗು!"

ಗೇಟಿನ ಬಳಿ ತೊಟ್ಟಿ ಅಜ್ಜ ಪಿಸುಗುಟ್ಟಿದ. "ಮೂರೇ ಬೀದಿ ಆಚೆ, ಲಾಂಡ್ರೀಲಿದ್ದಾನೆ."

ಮೂರೇ ಬೀದಿ! ಮೂರು ತಿಂಗಳು!

ಲಾಂಡ್ರಿಯಲ್ಲಿ ಮಾಸ್ತರ ಬೆವರು ಸುರಿಸುತ್ತಾ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದ. ಅವಳನ್ನು ಕಂಡು ಇಸ್ತ್ರಿ ಹಾಗೇ ನಿಂತಿತು.

"ನೋಡಿ, ಗಂಜಿ ತೆಗೀತೀನಿ ಅಂತ ಬಂದೋನು ಈಗ ಗಂಜಿ ಹಾಕ್ತಿದ್ದೀನಿ" ಎಂದ. ನಗಲು ಹೋಗಿ ಸೋತ.

"ನಿಮ್ಮ ಪುಡಿ ಸರಿಯಾಗಿತ್ತು." ಒಂದೇ ಉಸಿರಿಗೆ ಹೇಳಿದಳು. "ನೀರು ಕುದಿಸಿದ್ದು ನಾನು. ತಣ್ಣೀರು ಸುರಿದು ಮುಚ್ಚಿಟ್ಟಿದ್ದೂ ನಾನು. ನೀವು ಮೋಸ ಮಾಡಿದ್ರಿ ಅಂತ ಅಂದ್ಕೊಂಡಿದ್ದೂ ನಾನೇ."

ಅವನ ದನಿ ಗಡುಸಾಯಿತು.

"ಮೂರು ತಿಂಗಳು... ಕಲಿತದ್ದೆಲ್ಲಾ ಸುಳ್ಳು, ನಾನೇ ಒಬ್ಬ ಸುಳ್ಳ ಅಂದ್ಕೊಂಡು ಬದುಕಿದ್ದೀನಿ. ಆವತ್ತೇ ಹೇಳಿದ್ರೆ ಹೊಸ ಪುಡಿ ಹಾಕಿ ಸಂಜೆಯೊಳಗೆ ಸರಿ ಮಾಡ್ತಿದ್ದೆ! ಒಂದು ಮಾತು ಚುಕ್ಕಿ... ಒಂದು ಮಾತು!"

"ಗೊತ್ತು. ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ. ನೀವು ಸುಳ್ಳರಲ್ಲ ಅಂತ ಹೇಳೋಕೆ ಬಂದೆ. ಹೇಳಿಯಾಯ್ತು... ಬರ್ತೀನಿ."

"ಜಗಳ ಆಡೋದಾದ್ರೆ ಇಸ್ತ್ರಿ ಆರಿಸಿ ಆಡ್ರಪ್ಪಾ! ಗಿರಾಕಿ ಅಂಗಿ ಸುಡುತ್ತೆ!" ಒಳಗಿನಿಂದ ಲಾಂಡ್ರಿಯಮ್ಮ ಕೂಗಿದಳು.

ಅವನು ಇಸ್ತ್ರಿ ಎತ್ತಿ ಪಕ್ಕಕ್ಕಿಟ್ಟ. "ಬರ್ತೀನಿ ಅಂದ್ರೆ ಎಲ್ಲಿಗೆ? ಮನೆಗಾ?"

"ಆ ಮನೆಗೆ ಮತ್ತೆ ಬರಬಾರದು ಅಂದ್ರು ಮಾವ."

"ಮತ್ತೆ?"

"ಗೊತ್ತಿಲ್ಲ. ಅಷ್ಟು ದೂರ ಯೋಚಿಸಿಲ್ಲ."

ಅವನ ಮುಖದ ಗಂಟು ನಿಧಾನಕ್ಕೆ ಸಡಿಲಾಯಿತು. ಕಣ್ಣಲ್ಲಿ ನೀರು ಬಂತೋ, ಹಬೆಯೋ!

"ನನ್ನ ಕೋಪ ಇನ್ನೂ ಹೋಗಿಲ್ಲ" ಎಂದ.

"ಹೋಗೋದು ಬೇಡ. ಇರಲಿ."

"ಹೋಗೋಕೆ ಎಷ್ಟು ದಿನ ಆಗುತ್ತೋ..."

"ಕಾಯ್ತೀನಿ. ಕಾಯೋದು ನಂಗೆ ಚೆನ್ನಾಗಿ ಬರುತ್ತೆ."

"ಎಲ್ಲಿ ಕಾಯ್ತೀಯಾ?" ಅವನಿಗೆ ಅರಿವಿಲ್ಲದೆಯೇ 'ನೀವು' ಹೋಗಿತ್ತು.

"ಎಲ್ಲಿ ಕಾಯಬೇಕು ಅಂತ ನೀವೇ ಹೇಳಿ."

"ಹಿಂದಿನ ಕೋಣೆ ಖಾಲಿ ಇದೆ, ನಂಜೊತೆ ಇರ್ಲಿ ಬಿಡು!" ಮತ್ತೆ ಒಳಗಿನಿಂದ ಲಾಂಡ್ರಿಯಮ್ಮನ ದನಿ. "ಅವಳಮ್ಮನ ಕೇಳಿ ಮದುವೆ ಆಗೋ ತನಕ ನೀನು ಮಾತ್ರ ಆ ಕಡೆ ಸುಳೀಬೇಡ!"

ಅವನು ನಕ್ಕುಬಿಟ್ಟ. ಅವಳು ಅತ್ತುಬಿಟ್ಟಳು.

ಅಂದು ಗುರುವಾರ. ಮಾವನ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಹೊರಟವಳು ಚುಕ್ಕಿ ಒಬ್ಬಳೇ. ಮುಂದಿನ ಮಂಗಳವಾರ ಬೆಳಗ್ಗೆ, ಅಣ್ಣನ ಒಲೆ ಹಚ್ಚದೆ, ಅವಳ ಅಮ್ಮನೂ ಅದೇ ಗೇಟು ದಾಟಿ ಲಾಂಡ್ರಿಯ ಕಡೆ ಹೊರಟಳು.