ಬಂದವರು, ಇದ್ದವರು

ಬಹಳ ಹಿಂದೆ, ಕಡಲ ನಡುವೆ ಒಂದು ದ್ವೀಪ, ದ್ವೀಪದ ಮೇಲೊಂದು ಪಟ್ಟಣ. ಅದರ ಹೆಸರು ಬಂದರು. ಯಾರು ಬಂದರು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಲು ಪುರುಸೊತ್ತಿರಲಿಲ್ಲ. ಒಂದು ಬೀದಿಯಲ್ಲಿ ಮೆಣಸಿನ ಘಾಟು, ಇನ್ನೊಂದರಲ್ಲಿ ಅತ್ತರು, ಮತ್ತೊಂದರಲ್ಲಿ ಒಣಮೀನು. ಗುಡಿಯ ಕಂಬದ ಮೇಲೆ ಯಾವುದೋ ದೂರದೇಶದ ಹೂವು. ಕೆತ್ತಿದವನಿಗೂ ಅದರ ಹೆಸರು ಗೊತ್ತಿರಲಿಲ್ಲ.

ಆ ಊರಿನಲ್ಲಿ ತುಳಸು ಎಂಬವಳಿದ್ದಳು. ಅವಳ ಗಂಡ ದಾದು ಹಾಯಿ ಹೊಲಿಯುವವನು. ಎಳೆಯನಿದ್ದಾಗ ಯಾವುದೋ ಹಡಗಿನಿಂದ ಇಳಿದು, ಮತ್ತೆ ಹತ್ತಲು ಮರೆತವನು. ಜಗಳವಾದಾಗಲೆಲ್ಲ ತುಳಸು ಅದನ್ನೇ ಎತ್ತುತ್ತಿದ್ದಳು.

"ನೀವು ಬಂದವರು, ನಾವು ಇದ್ದವರು. ನಡೆಯಬೇಕಾದ್ದು ನಮ್ಮ ಮಾತು."

"ನಡೆಯಲಿ ಮಾರಾಯ್ತಿ. ಸ್ವಲ್ಪ ಆಚೆ ಸರಿ, ಹಾಯಿಯ ಮೇಲೆ ಕೂತಿದ್ದೀ."

ಊರಿನ ಅರಸನಿಗೆ ಹೆಚ್ಚು ಕೆಲಸವಿರಲಿಲ್ಲ. ಹಾಗಾಗಿ ಅವನಿಗೆ ಚಿಂತೆ ಹತ್ತಿತು. ಈ ಪಟ್ಟಣದಲ್ಲಿ ನಮ್ಮದೇ ಆದದ್ದು ಯಾವುದು? ಬೇರಯ್ಯನೆಂಬ ಮಾಂತ್ರಿಕ ಮುಂದೆ ಬಂದು ಕೈಮುಗಿದ.

"ಜರಡಿ ಹಿಡಿದು ತೋರಿಸುತ್ತೇನೆ ಪ್ರಭು. ಉಳಿದದ್ದು ನಿಮ್ಮದು."

ಅರಸ ಹೂಂ ಎಂದ. ಅರಸರಿಗೆ ಹೂಂ ಎನ್ನಲು ಹೊತ್ತು ಬೇಕಾಗುವುದಿಲ್ಲ.

ಬೇರಯ್ಯ ಕಡಲಬಂಡೆಯ ಮೇಲಿದ್ದ ದೀಪದ ಗೋಪುರ ಹತ್ತಿ ಮಂತ್ರ ಕೂಗಿದ. "ಬಂದೆ ಎಂದು ತಮ್ಮ ಬಾಯಿಂದಲೇ ಹೇಳಿದವರು ಹಕ್ಕಿಯಾಗಲಿ!" ಅರಸನ ಭಟರು ಮನೆಮನೆಗೆ ಹೋಗಿ, ನೀವು ಎಲ್ಲಿಯವರು ಎಂದು ಕೇಳಿದರು. ದಾದುವಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಹಡಗಿನಲ್ಲಿ ಬಂದೆ" ಎಂದ.

ಕೈಯಲ್ಲಿದ್ದ ಹಾಯಿ ನೆಲಕ್ಕೆ ಬಿತ್ತು. ಅದರಡಿಯಿಂದ ಬಿಳಿಯ ಕಡಲಹಕ್ಕಿಯೊಂದು ತೆವಳಿಕೊಂಡು ಹೊರಬಂತು. ಭಟರು ತುಳಸುವಿನ ಕಡೆ ತಿರುಗಿದರು. "ಇಲ್ಲಿಯವಳೇ" ಎಂದಳು ಅವಳು. ಹಾಗೆಂದೇ ನಂಬಿದ್ದಳು.

ನಿಜ ಹೇಳಿದವರು ಹಾರಿದರು, ಸುಳ್ಳು ಹೇಳಿದವರು ಉಳಿದರು. ಮರುದಿನ ಒಬ್ಬ ತಾಯಿ ಮಗುವನ್ನು ಊಟಕ್ಕೆ ಕರೆದಳು. "ಬಂದೆ" ಎಂದಿತು ಮಗು. ತಟ್ಟೆಯ ಮುಂದೆ ಬಂದು ಕೂತದ್ದು ಒಂದು ಪುಟ್ಟ ಹಕ್ಕಿ. ಅಂದಿನಿಂದ ಬಂದರಿನಲ್ಲಿ ಯಾರೂ ಯಾರನ್ನೂ ಕರೆಯಲಿಲ್ಲ, ಯಾರ ಬಾಗಿಲನ್ನೂ ತಟ್ಟಲಿಲ್ಲ.

ದಾದು ಕಿಟಕಿಯ ಮೇಲೆ ಕೂರುತ್ತಿದ್ದ. ಮೊದಮೊದಲು ದಾರದುಂಡೆಯನ್ನು ಕುಕ್ಕುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ತುಳಸು ಮಾತಾಡಿಸಿದರೆ ಕಡಲಿನತ್ತ ನೋಡುತ್ತಿದ್ದ. ಗಾಳಿ ತಿರುಗಿದರೆ ಹಕ್ಕಿಗಳ ಹಿಂಡು ಎದ್ದು ಹೋಗುತ್ತದೆ, ಹೋದದ್ದು ಮರಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಸೆರಗು ಬಿಗಿದು ಬೇರಯ್ಯನಿದ್ದ ಗೋಪುರದ ದಾರಿ ಹಿಡಿದಳು.

ದಾರಿಯಲ್ಲಿ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಕಲ್ಲಿನ ಆನೆ.

"ಈ ಮಣ್ಣಿನದೇ ಆದ ಒಂದು ತಿನಿಸು ತಾ. ಇಲ್ಲವಾದರೆ ತುಳಿಯುತ್ತೇನೆ."

ತುಳಸು ಮನೆಗೆ ಹೋಗಿ ಮೀನಿನ ಸಾರು, ಅನ್ನ ತಂದಿಟ್ಟಳು. ಆನೆ ಸೊಂಡಿಲಿನಿಂದ ಊದಿತು. ಒಣಮೆಣಸು ಹಾರಿಹೋಯಿತು. ಹುಳಿ ಹಾರಿಹೋಯಿತು. ಅಕ್ಕಿಯೂ ಕಾಯಿಯೂ ಹಾರಿಹೋದವು. ಪಾತ್ರೆಯಲ್ಲಿ ನೀರು, ನೀರಿನಲ್ಲಿ ಮೀನು.

"ಮೀನೂ ಈಜಿಕೊಂಡೇ ಬಂದದ್ದು" ಎಂದಿತು ಆನೆ, ಬೇಸರದಿಂದ.

"ತುಳಿ ಅಜ್ಜ. ಅದಕ್ಕೆ ಮೊದಲು ಒಂದು ಹೇಳು. ಆನೆ ಹುಟ್ಟುವ ಕಾಡು ಈ ದ್ವೀಪದಲ್ಲಿ ಎಲ್ಲಿದೆ?"

ಆನೆ ಬಹಳ ಹೊತ್ತು ಯೋಚಿಸಿತು. ಕಲ್ಲು ನಿಧಾನವಾಗಿಯೇ ಯೋಚಿಸುತ್ತದೆ. "ಹಡಗು ಮಗುಚದಿರಲೆಂದು ನನ್ನನ್ನು ಅದರ ಹೊಟ್ಟೆಯಲ್ಲಿ ಭಾರಕ್ಕೆ ಹಾಕಿದ್ದರು" ಎಂದಿತು ಕೊನೆಗೆ. ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಹುಲಿ.

"ಈ ಮಣ್ಣಿನದೇ ಆದ ಒಂದು ಹಾಡು ಹೇಳು. ಇಲ್ಲವಾದರೆ ತಿನ್ನುತ್ತೇನೆ."

ಅಜ್ಜಿ ಹೇಳುತ್ತಿದ್ದ ಜೋಗುಳ ಹಾಡಿದಳು. ಅದರ ಎರಡನೆಯ ಸಾಲು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಜ್ಜಿಗೂ ಆಗಿರಲಿಲ್ಲ. ಹುಲಿಯ ಕಣ್ಣು ತೇವವಾಯಿತು.

"ಇದು ನಾನು ಮರಿಯಾಗಿ ಪಂಜರದಲ್ಲಿದ್ದ ಹಡಗಿನವರ ಮಾತು. 'ಮಲಗು ಕಂದ, ದಡ ಇನ್ನೂ ದೂರ' ಎಂದರ್ಥ. ಇನ್ನೊಮ್ಮೆ ಹಾಡು."

ಅವಳು ಇನ್ನೊಮ್ಮೆ ಹಾಡಿದಳು, ಈ ಸಲ ಅರ್ಥ ತಿಳಿದು. ಹುಲಿ ನಿದ್ದೆಹೋಯಿತು.

ಮೂರನೆಯ ಬಾಗಿಲಲ್ಲಿ ಕಡಲಸರ್ಪ.

"ಈ ಮಣ್ಣಿನವರೇ ಆದ ಒಬ್ಬರನ್ನು ತೋರಿಸು."

"ನಾನೇ."

"ನಿನ್ನ ತಾಯಿ?"

"ಇಲ್ಲಿಯವಳೇ."

"ಅವಳ ತಾಯಿ?"

"ಇಲ್ಲಿಯವಳೇ."

"ಅವಳ ತಾಯಿ?"

ಕಪ್ಪು ನೀರಿನ ಮೇಲೆ ಒಂದು ದೋಣಿ, ದೋಣಿಯಲ್ಲಿ ಮಗುವನ್ನು ತಟ್ಟುತ್ತಿರುವ ಒಬ್ಬ ಹೆಂಗಸು ತುಳಸುವಿನ ಕಣ್ಣೆದುರು ಬಂದಳು.

"ಸುಳ್ಳು ಹೇಳಬಹುದು" ಎಂದಿತು ಸರ್ಪ. "ಬಾಗಿಲು ತೆರೆಯುತ್ತೇನೆ. ಆದರೆ ನಾಲಿಗೆ ಕಲ್ಲಾಗುತ್ತದೆ. ಒಳಗೆ ಬೇರಯ್ಯನ ಆಳುಗಳೆಲ್ಲ ಹಾಗೆ ಒಳಹೋದವರೇ. ಅವನ ಚಾಕರಿಗೆ ನಾಲಿಗೆ ಬೇಡ."

"ನಿಜ ಹೇಳಿದರೆ?"

"ನಿನಗೇ ಗೊತ್ತಲ್ಲ."

ತುಳಸು ಒಮ್ಮೆ ಹಿಂದೆ ತಿರುಗಿ ನೋಡಿದಳು. ಗಾಳಿ ತಿರುಗುತ್ತಿತ್ತು. ಊರಿನ ಮೇಲೆ ಬಿಳಿಯ ಹಿಂಡು ಏಳುತ್ತಿತ್ತು.

"ನಾನೂ ದೂರದಿಂದಲೇ ಬಂದೆ" ಎಂದಳು. "ಗೊತ್ತಿರಲಿಲ್ಲ, ಅಷ್ಟೆ."

ಬೆರಳ ತುದಿಯಲ್ಲಿ ಗರಿ ಮೊಳೆಯಿತು. ಸರ್ಪ ತಲೆ ಬಗ್ಗಿಸಿತು. "ಇಲ್ಲಿ ನಿಂತು ನಿಜ ಹೇಳಿದವಳು ನೀನೊಬ್ಬಳೇ. ಗರಿ ಗಂಟಲಿಗೆ ಏರದಂತೆ ಸ್ವಲ್ಪ ಹೊತ್ತು ತಡೆದಿರುತ್ತೇನೆ. ಓಡು."

ಅವಳು ಮೆಟ್ಟಿಲು ಹತ್ತಿದಳು. ನಾಲಿಗೆ ಕಲ್ಲಾದ ಆಳುಗಳು ಗೋಡೆಗೊರಗಿ ನಿಂತಿದ್ದರು. ಗುರುತಿನವರೂ ಇದ್ದರು. ಯಾರೂ ತಡೆಯಲಿಲ್ಲ. ಮೇಲೆ ಮುಚ್ಚಿದ ಬಾಗಿಲು. ಒಡೆಯಲು ಅವಳಿಗೆ ಕೈಗಳಿರಲಿಲ್ಲ, ರೆಕ್ಕೆಗಳಿದ್ದವು. ಶಾಪ ಹಾಕಬಹುದಿತ್ತು. ಬೇಡಿಕೊಳ್ಳಬಹುದಿತ್ತು. ಎರಡೂ ಬೇರಯ್ಯನಿಗೆ ಹೊಸತಲ್ಲ. ಆದರೆ ಬಾಗಿಲಲ್ಲಿ ನಿಂತು ಅವನನ್ನು ಕರೆದವರು ಈವರೆಗೆ ಯಾರೂ ಇರಲಿಲ್ಲ.

ತುಳಸು ಮೊಣಕಾಲಿನಿಂದ ಬಾಗಿಲು ತಟ್ಟಿದಳು. ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದವಳ ಹಾಗೆ ಕರೆದಳು.

"ಬೇರಯ್ಯನವರೇ, ಒಳಗಿದ್ದೀರಾ?"

ಒಳಗೆ ಮಣೆ ಸರಿಸಿದ ಸದ್ದು.

"ಹಾಂ, ಬಂದೆ ಬಂದೆ."

ಮತ್ತೆ ಸದ್ದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಸಂದಿನಿಂದ ಬೂದು ಬಣ್ಣದ ಬಡಕಲು ಹಕ್ಕಿಯೊಂದು ನುಸುಳಿ ಬಂದು, ಅವಳನ್ನು ಕೆಟ್ಟದಾಗಿ ನೋಡಿ, ಕಿಟಕಿಯಿಂದ ಹಾರಿತು. ಹೇಳಿದವನೇ ಹಕ್ಕಿಯಾದ ಮೇಲೆ ಮಂತ್ರ ನಿಲ್ಲುವುದು ಯಾವ ಬಾಯಲ್ಲಿ?

ತುಳಸುವಿನ ಗರಿಗಳು ಮೆಟ್ಟಿಲ ಮೇಲೆ ಉದುರಿದವು. ಆಳುಗಳ ನಾಲಿಗೆ ಮೆದುವಾಯಿತು. ಮೊದಲು ಅವರು ಅತ್ತರು, ಆಮೇಲೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ಹಿಂಡು ಇನ್ನೂ ದಡದ ಆಳವಿಲ್ಲದ ನೀರಿನ ಮೇಲೆಯೇ ಹಾರುತ್ತಿತ್ತು. ಎಲ್ಲರೂ ಅಲ್ಲೇ ಬಿದ್ದು ಒದ್ದೆಯಾಗಿ ಎದ್ದರು. ಮಕ್ಕಳು ಎದ್ದ ಕೂಡಲೇ ಊಟ ಕೇಳಿದರು. ದಾದು ಮೊಣಕಾಲು ನೀರಿನಲ್ಲಿ ನಿಂತು, ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ತುಳಸು ಓಡಿಬಂದು ಆ ಕೈ ಹಿಡಿದಳು.

ಅರಸ ತಪ್ಪೊಪ್ಪಿಕೊಂಡನೇ? ಇಲ್ಲ. ಆದರೆ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ಅದೇ ಸಾಕೆಂದು ಊರವರು ಬಿಟ್ಟರು. ಎಲ್ಲರೂ ಸುಖವಾಗಿದ್ದರು, ಜಗಳವಾಡಿಕೊಂಡು.

ಅದೇ ಸಂಜೆ ಹರಿದ ಹಾಯಿಯ ದೋಣಿಯೊಂದು ದಡಕ್ಕೆ ತಾಗಿತು. ಒಳಗೆ ಗುರುತಿಲ್ಲದ ಮುಖಗಳು, ತಿಳಿಯದ ಮಾತು. ದಾದು ಹಾಯಿಯ ಹರುಕು ನೋಡಲು ಹೋದ. ತುಳಸು ನೀರಿಗಿಳಿದು ಹಗ್ಗ ಹಿಡಿದು ಎಳೆದಳು.

"ಊಟ ಆಯ್ತಾ?" ಎಂದು ಕೇಳಿದಳು.