ಬೆಳಗಿನ ಆರು ಗಂಟೆಯ ಸೂಜಿ

ಎಂಟು ವರ್ಷಗಳಿಂದ ಸದಾಶಿವಯ್ಯ ಒಂದು ದಿನವೂ ಬೆಳಗಿನ ಆರು ಗಂಟೆಯನ್ನು ತನ್ನದಾಗಿ ಕಂಡಿರಲಿಲ್ಲ. ಆರು ಹೊಡೆಯುವ ಹೊತ್ತಿಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಸೋದರತ್ತೆ ಬಸವಲಿಂಗಮ್ಮನಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡಬೇಕಿತ್ತು. ಕಾಂಪೌಂಡರ್ ಕೈ ಆಕೆಗೆ ಒಗ್ಗದು. ಕೊರಳಲ್ಲಿ ಲಿಂಗವಿರುವವರೇ ಚುಚ್ಚಬೇಕು. ಅವನ ಹೆಂಡತಿ ಉಮಾಮಹೇಶ್ವರಿಗೋ ಸೂಜಿ ಕಂಡರೆ ತಲೆಸುತ್ತು. ಹುತ್ರಿದುರ್ಗದಲ್ಲಿ ಹೆಂಡತಿಯ ಅಪ್ಪ ತೀರಿಕೊಂಡಾಗಲೂ ಅವನು ಮಣ್ಣು ಮುಗಿಸಿ ಅದೇ ಸಂಜೆ ತುಮಕೂರಿನ ಬಸ್ಸು ಹತ್ತಿದ್ದ. ಸೂಜಿಯ ನಂತರ ಆಕೆಯ ತಿಂಡಿ ಮುಗಿಯುವವರೆಗೆ ಕಾದು, ಕುಣಿಗಲ್ಲಿನ ತಾಲ್ಲೂಕು ಕಚೇರಿಗೆ ದಿನಾ ತಡವಾಗಿ ಹೋಗಿ ಬೈಸಿಕೊಂಡು ಬೈಸಿಕೊಂಡು ಬಡ್ತಿಯೂ ಕೈತಪ್ಪಿತ್ತು.

ಅತ್ತೆ ಮಾತ್ರ ಬಂದವರ ಮುಂದೆಲ್ಲ "ಇವ್ನು ನಮ್ಮ ಸೂಜಿ ಸದಾಶಿವ" ಎಂದು ನಗುತ್ತಿದ್ದಳು. ಒಮ್ಮೆ ಹಲ್ಲಿ ಬಿದ್ದ ಹಾಲನ್ನು ತಾನು ಗೊತ್ತಿಲ್ಲದೆ ಪೂಜೆಗೆ ಇಟ್ಟೆನೆಂದು, ರಜೆ ಹಾಕಿಸಿ, ಬೆಳ್ಳಿ ಲೋಟ ಕೊಟ್ಟು ಅವನನ್ನು ಗುಬ್ಬಿ ಹತ್ತಿರದ ಮಠಕ್ಕೆ ಅಟ್ಟಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಎಲ್ಲರೂ ಇದ್ದ ತುಮಕೂರಿನ ಉಪ್ಪಾರಹಳ್ಳಿಯ ಮನೆಯನ್ನು ಅವನ ಹೆಸರಿಗೆ ವಿಲ್ ಬರೆದಿದ್ದಳು, ನಿಜ. ಆದರೆ ಅರವತ್ತೆಂಟರಲ್ಲೂ ಗುಂಡುಕಲ್ಲಿನ ಹಾಗಿದ್ದಳು. ಹಾಗಿರಲು ತನ್ನ ಕೈಯೇ ಕಾರಣ ಎಂಬುದು ಅವನ ಹೊಟ್ಟೆ ಉರಿಸುತ್ತಿತ್ತು.

ಆ ಔಷಧಿಯ ಕಟ್ಟಳೆಗಳೆಲ್ಲ ಅವನಿಗೆ ಬಾಯಿಪಾಠ. ಇದು ನಿಧಾನವಾಗಿ ಇಡೀ ದಿನ ಕೆಲಸ ಮಾಡುವ ಇನ್ಸುಲಿನ್ ಎಂದು ಡಾಕ್ಟರು ಮೊದಲ ದಿನವೇ ವಿವರಿಸಿದ್ದರು. ಬಾಟಲಿಯನ್ನು ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು, ತಳದ ಬಿಳಿಯೆಲ್ಲ ಎದ್ದು ಹಾಲಿನ ಬಣ್ಣ ಬರಬೇಕು. ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಒದ್ದೆ ಬಟ್ಟೆ ಸುತ್ತಿದ ಮಡಕೆಯೇ ಅದರ ಜಾಗ. ನಿನ್ನೆ ಚುಚ್ಚಿದ ಕಡೆ ಇವತ್ತು ಚುಚ್ಚಬಾರದು. ಊಟ ತಪ್ಪಬಾರದು, ಬೆವರು, ನಡುಕ ಬಂದರೆ ತಕ್ಷಣ ಬೆಲ್ಲ. ಎಲ್ಲಕ್ಕಿಂತ ಮುಖ್ಯ, ತಾವಾಗಿಯೇ ಯಾವತ್ತೂ ನಿಲ್ಲಿಸಬಾರದು.

ಅಳತೆ ಹೆಚ್ಚುಕಮ್ಮಿ ಮಾಡಿ ಆಕೆಯನ್ನು ಮುಗಿಸುವ ಮಾತನ್ನು ಅವನು ಯಾವಾಗಲೋ ತಲೆಯಿಂದ ತೆಗೆದಿದ್ದ. ಅತ್ತೆ ಕನ್ನಡಕ ಏರಿಸಿ ಸಿರಿಂಜಿನ ಗೆರೆಯನ್ನು ತಾನೇ ನೋಡುವವಳು. ಅದೂ ಅಲ್ಲದೆ ತಾಲ್ಲೂಕು ಕಚೇರಿಯಲ್ಲಿ ಕೂತವನಿಗೆ ಪೊಲೀಸರ ಪಂಚನಾಮೆ ಎಂದರೆ ಏನೆಂದು ಗೊತ್ತಿತ್ತು. ಕೈ ಹಚ್ಚದೆ ಆಗುವ ಕೆಲಸ ಬೇಕು. ಅದು ಸಿಕ್ಕಿದ್ದು ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ, ಔಷಧಿ ಅಂಗಡಿಯಲ್ಲಿ. ಅಂಗಡಿಯವನು ದನಿ ತಗ್ಗಿಸಿ, "ಹಂದಿ ಇನ್ಸುಲಿನ್ ಬಂದಿಲ್ಲ ಸ್ವಾಮಿ, ನೀವು ಒಯ್ಯೋ ಮಾಮೂಲಿ ದನದ್ದೇ ಇರೋದು" ಎಂದ.

ಸದಾಶಿವಯ್ಯ ಬಾಟಲಿ ಜೇಬಿಗಿಟ್ಟುಕೊಂಡು ಬಿಸಿಲಲ್ಲೇ ನಿಂತುಬಿಟ್ಟ. ಮೊಟ್ಟೆ ಬೇಯಿಸಿದ ಮನೆಯಲ್ಲಿ ನೀರೂ ಕುಡಿಯದ ಹೆಂಗಸು ಎಂಟು ವರ್ಷದಿಂದ ಹಸುವಿನ ಅಂಗದಿಂದ ತೆಗೆದದ್ದನ್ನು ಮೈಗೆ ಹಾಕಿಸಿಕೊಂಡಿದ್ದಾಳೆ. ಸುಳ್ಳು ಹೇಳಬೇಕಿಲ್ಲ, ವಿಷ ಬೇಕಿಲ್ಲ. ನಿಜವೊಂದೇ ಸಾಕು. ನಿಜ ಹೇಳಿದವನನ್ನು ಯಾವ ಕಾನೂನು ಹಿಡಿದೀತು?

ಅದನ್ನು ಹೇಳುವ ಬಾಯಿ ಕೂಡ ತನ್ನದಾಗಬಾರದು. ಪಕ್ಕದ ಮನೆಯ ಅಪ್ಪಾಜಿ ಮೇಷ್ಟ್ರು ನಿವೃತ್ತ ಇಂಗ್ಲಿಷ್ ಮಾಸ್ತರು. ಮದುವೆ ಕಾಗದ ಓದಿದರೂ ಪ್ರೆಸ್ಸಿನ ಹೆಸರಿನವರೆಗೆ ಓದುವವರು. ಭಾನುವಾರ ಅವರನ್ನು ಕಾಫಿಗೆ ಕರೆದು, ಅತ್ತೆಯ ಎದುರಿಗೇ ಔಷಧಿ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿ ಕೊಟ್ಟು, ಸೂಜಿ ಸರಿಯಾಗಿ ಹಾಕುತ್ತಿದ್ದೇನೆಯೋ ಇಲ್ಲವೋ ಒಮ್ಮೆ ಓದಿ ಹೇಳಿ ಎಂದು ಕೇಳಿದ. ಮೇಷ್ಟ್ರು ಹೊರಳಿಸುವುದನ್ನು ಓದಿದರು, ತಂಪಿನಲ್ಲಿಡುವುದನ್ನು ಓದಿದರು, ಕೊನೆಗೆ ಅದನ್ನೂ ಓದಿದರು. ಓದಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಬಸವಲಿಂಗಮ್ಮ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡಳು. ಮಾರನೆಯ ಬೆಳಿಗ್ಗೆ ತೋಳು ಕೊಡಲಿಲ್ಲ.

"ಬ್ಯಾಡ ಕಣಪ್ಪ, ಇನ್ ಸಾಕು" ಎಂದಳು.

ಸದಾಶಿವಯ್ಯ ಕಾಲು ಹಿಡಿದ. ಮೇಷ್ಟ್ರ ಮುಂದೆ ಅತ್ತ, ಡಾಕ್ಟರನ್ನು ಮನೆಗೇ ಕರೆತಂದು ಹೇಳಿಸಿದ. ಉಪ್ಪಾರಹಳ್ಳಿಯ ಬೀದಿಯೆಲ್ಲ ಅವನ ಅಳಿಯತನವನ್ನು ಹೊಗಳಿತು. ಆಕೆ ಜಗ್ಗಲಿಲ್ಲ. ಚೆಂಬಿನ ಮೇಲೆ ಚೆಂಬು ನೀರು ಕುಡಿದಳು, ಮೈ ಇಳಿಯಿತು, ಗೋಡೆ ಹಿಡಿದು ನಡೆಯತೊಡಗಿದಳು. ಆ ಒಂಬತ್ತು ದಿನ ಅವನು ಬೆಳಿಗ್ಗೆ ಏಳರವರೆಗೆ ಮಲಗಿದ. ಅಷ್ಟು ಸುಖದ ನಿದ್ದೆ ಮದುವೆಯಾದ ಮೇಲೆ ಅವನಿಗೆ ಬಂದಿರಲಿಲ್ಲ.

ಹತ್ತನೆಯ ದಿನ ಕುಣಿಗಲ್ಲಿನಿಂದ ಬಂದಾಗ ಅತ್ತೆ ಪಡಸಾಲೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಮೇಷ್ಟ್ರು. ಬಾಡಿಗೆ ಕಾರು ಮಾಡಿಕೊಂಡು ಇಬ್ಬರೂ ಸ್ವಾಮಿಗಳನ್ನು ಕಾಣಲು ಮಠಕ್ಕೆ ಹೋಗಿಬಂದಿದ್ದರು.

"ಬುದ್ಯೋರ ಮುಂದೆ ಎಲ್ಲಾ ಒಪ್ಕೊಂಡೆ ಕಣೋ" ಎಂದಳು. "ಔಷಧ ತಗೊಂಡ್ರೆ ಪಾಪ ಇಲ್ಲ, ಸೂಜಿ ಬಿಡ್ಬೇಡ ಅಂದ್ರು. ನನ್ ಮನಸು ಕೇಳ್ಬೇಕಲ್ಲ. ಎಂಟು ವರ್ಷದ್ದಕ್ಕೆ ಎಂಟು ವರ್ಷ, ಸೋಮವಾರ ಸೋಮವಾರ ಮಠದ ದಾಸೋಹದಲ್ಲಿ ತರಕಾರಿ ಹೆಚ್ತೀನಿ ಅಂತ ಹರಕೆ ಹೊತ್ತೆ. ಹರಕೆ ತೀರೋವರ್ಗೂ ಬದುಕಿದ್ರೆ ಮನೆ ನಿಂದೇ. ಅರ್ಧದಲ್ಲೇ ಹೋದ್ರೆ ತಪ್ಪುಕಾಣಿಕೆ ಅಂತ ಮನೆ ಮಠಕ್ಕೆ. ಹಂಗೇ ವಿಲ್ ಬದಲಾಯಿಸ್ದೆ, ಮೇಷ್ಟ್ರು ಸಾಕ್ಷಿ. ನೀನಿರೋವಾಗ ನಂಗೇನ್ ಭಯ? ನಾಳೆ ಆರಕ್ಕೆ ಸೂಜಿ ಹಾಕು."

ಮಾರನೆಯ ದಿನ ಸದಾಶಿವಯ್ಯ ಐದಕ್ಕೇ ಎದ್ದ. ಸಿರಿಂಜು ಕುದಿಸಿದ, ಮಡಕೆಯ ಬಟ್ಟೆ ಒದ್ದೆ ಮಾಡಿದ, ಸಿರಿಂಜಿನ ಗೆರೆಯನ್ನು ಎರಡು ಸಲ ನೋಡಿದ. ತಿಂಡಿ ತಡವಾದೀತೆಂದು ಹೆಂಡತಿಯ ಮೇಲೆ ರೇಗಿ, ಅತ್ತೆಯ ಸೆರಗಿಗೆ ತಾನೇ ಒಂದು ಚೂರು ಬೆಲ್ಲ ಕಟ್ಟಿದ. ಎಂಟು ವರ್ಷ, ಒಂದು ಬೆಳಿಗ್ಗೆಯೂ ತಪ್ಪುವಂತಿಲ್ಲ. ಆಕೆಗೆ ಒಂದು ಸಣ್ಣ ಜ್ವರ ಬಂದರೂ ಇನ್ನು ಅವನ ಎದೆ ಹೊಡೆದುಕೊಳ್ಳಬೇಕು. ಅಂಗೈಗಳ ನಡುವೆ ಬಾಟಲಿ ಹೊರಳಿಸುತ್ತ, ಬಿಳಿ ಮೇಲೇಳುವುದನ್ನು ನೋಡುತ್ತಿದ್ದಾಗ ಅವನಿಗೆ ಆ ಬೆಳ್ಳಿ ಲೋಟ ನೆನಪಾಯಿತು. ಈ ಹೆಂಗಸು ತಪ್ಪಿಗೆ ಹೆದರಿ ಸಾಯುವವಳಲ್ಲ, ಕಾಣಿಕೆ ಕೊಟ್ಟು ತೀರಿಸುವವಳು. ಬರೀ ಹಲ್ಲಿ ಬಿದ್ದ ಹಾಲಿಗೆ ಆ ಲೋಟವನ್ನು ಮಠಕ್ಕೆ ಹೊತ್ತು, ತಪ್ಪುಕಾಣಿಕೆ ಎಂದು ಅಲ್ಲಿಟ್ಟು ಬಂದವನು ಅವನೇ.