ಮಹಡಿಯ ಸಿಗ್ನಲ್ ಕದ್ದವರು

ಶನಿವಾರ ಮಧ್ಯಾಹ್ನ ಮೂರು ಗಂಟೆ. ಮಹಡಿಯ ಸಿಗ್ನಲ್ ಇವತ್ತೂ ಕಳುವಾಗಿತ್ತು! ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ನಾಲ್ಕು ಗೆರೆ ಇರಬೇಕಾದಲ್ಲಿ ಒಂದೇ ಗೆರೆ, ಅದೂ ಈಗಲೋ ಆಗಲೋ ಎನ್ನುವಂತಿತ್ತು.

ಸೊಸೆ ರಿಪೇರಿಯವಳಿಗೆ ಫೋನ್ ಮಾಡಿದಳು. ನಾಲ್ಕಕ್ಕೆ ಗಂಡನ ಕರೆ. ಅವನು ಸರಕು ಹಡಗಿನ ಮೆಕ್ಯಾನಿಕ್. ಹೋಗಿ ಹನ್ನೊಂದು ತಿಂಗಳು. ಸೋಮವಾರ ಇನ್ನೊಂದು ವರ್ಷದ ಕರಾರಿಗೆ ಸಹಿ ಹಾಕುತ್ತಾನಂತೆ, ಹೋದ ಶನಿವಾರ ಕೆಳಗೆ ಮಾತಾಡುವಾಗ ಹೇಳಿದ್ದ. ‘ಬೇಡ, ಬಂದುಬಿಡಿ’ ಎಂದು ಇವತ್ತೇ ಹೇಳಬೇಕು.

ಅವಳದು ಬಟನ್ ಫೋನು. ಮುಖ ನೋಡಿ ಮಾತಾಡಲು ಈ ಕಂಪ್ಯೂಟರೇ ಗತಿ. ಕೆಳಗಿನ ಬೈಂಡಿಂಗ್ ಅಂಗಡಿಯಲ್ಲಿ ವೈಫೈ ಪೆಟ್ಟಿಗೆಯ ಪಕ್ಕ ಇಟ್ಟರೆ ಕರೆ ಸಿಗುತ್ತದೆ, ನಿಜ. ಆದರೆ ಅಲ್ಲಿ ಮೂರು ಮೊಳ ದೂರದಲ್ಲಿ ಮಾವನವರು ಬೆನ್ನು ತಿರುಗಿಸಿ ಪುಸ್ತಕಗಳಿಗೆ ಅಂಟು ಹಚ್ಚುತ್ತಿರುತ್ತಾರೆ. ಅವರ ಎದುರು ‘ಊಟ ಆಯ್ತಾ’ ಎನ್ನಬಹುದು. ‘ನೀವಿಲ್ಲದೆ ಕೋಣೆ ಬಿಕೋ ಅನ್ನುತ್ತೆ’ ಎನ್ನಲಾದೀತೆ? ಹೋದ ಎರಡು ಶನಿವಾರವೂ ಆಸೆಯನ್ನೆಲ್ಲ ನುಂಗಿಕೊಂಡು ಊಟದ ವಿಚಾರ ಮಾತಾಡಿದ್ದೇ ಆಯಿತು.

ರಿಪೇರಿಗೆ ಬಂದವಳು ತಂತಿಯಕ್ಕ. ಬಾಯಲ್ಲಿ ಸದಾ ಒಂದು ಸ್ಕ್ರೂ, ಕಣ್ಣಲ್ಲಿ ಸದಾ ಅನುಮಾನ.

“ಯಾವಾಗಿಂದ?”

“ಹೊಸ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಂಡಾಗಿಂದ. ಅಪ್‌ಗ್ರೇಡ್ ಮಾಡಿದ್ದೇ ತಪ್ಪಾಯ್ತಕ್ಕ.”

“ಅವತ್ತಿಂದಾನೇನಾ? ಸರಿಯಾಗಿ ನೆನಪು ಮಾಡ್ಕೊ.”

ಸೊಸೆ ಬೆರಳು ಮಡಿಚಿದಳು. “ಶುಕ್ರವಾರ ಹಾಕ್ಕೊಂಡೆ. ಶನಿವಾರ ಸಿಗ್ನಲ್ ಇಲ್ಲ — ಮೊದಲ ಸಲ ಕೆಳಗಿಟ್ಟು ಮಾತಾಡಿದ್ದು ಅವತ್ತೇ. ಭಾನುವಾರ ಇನ್ನೊಂದು ಅಪ್‌ಡೇಟ್ ಬಂತು, ಸರಿಹೋಯ್ತು. ಮಂಗಳವಾರ ಮತ್ತೆ ಹೋಯ್ತು.”

“ಮಧ್ಯೆ ಚೆನ್ನಾಗಿತ್ತು?” ತಂತಿಯಕ್ಕನ ಹುಬ್ಬು ಏರಿತು.

“ಹೂಂ. ಪಕ್ಕದ ಸಲೂನಿನವನೇ ನಮ್ಮ ವೈಫೈ ಎಳ್ಕೊಳ್ತಿದಾನೆ ಅಂತ ನನ್ನ ಗುಮಾನಿ.”

ತಂತಿಯಕ್ಕ ತನ್ನ ಫೋನನ್ನು ಅದೇ ಮೇಜಿನ ಮೇಲಿಟ್ಟು ವೈಫೈಗೆ ಜೋಡಿಸಿದಳು. ನಾಲ್ಕೂ ಗೆರೆ! ಸಲೂನಿನವನು ಬಚಾವಾದ. ಗೋಡೆಯೂ ವೈಫೈ ಪೆಟ್ಟಿಗೆಯೂ ಬಚಾವಾದವು. ಕಂಪ್ಯೂಟರಿನೊಳಗೆ ಹುಡುಕಿದಳು, ವೈಫೈ ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹೊಸದೇ, ಭಾನುವಾರದ್ದು.

“ಇದನ್ನ ಕೆಳಗೆ ಹೊರೋದು ಯಾರು?”

“ಮಾವನವರು. ನನ್ನ ಮುಟ್ಟೋಕೂ ಬಿಡಲ್ಲ. ಎದೆಗವಚ್ಕೊಂಡು ಇಳಿತಾರೆ, ಅವರೇ ಮೇಲೆ ತಂದಿಡ್ತಾರೆ.”

“ಮಗನ ಹತ್ರ ಮಾತಾಡ್ತಾರಾ?”

“ಎಲ್ಲಿ? ಬೈಂಡಿಂಗ್ ಬಿಟ್ಟು ಹಡಗು ಹತ್ತಿದ ಅಂತ ಮಾತೇ ಬಿಟ್ಟಿದಾರೆ. ತಿರುಗಿ ಕೂಡ ನೋಡಲ್ಲ.”

ತಂತಿಯಕ್ಕ ಕಂಪ್ಯೂಟರಿನ ಬೆನ್ನನ್ನು ಗೋಡೆಯಿಂದ ಈಚೆಗೆ ತಿರುಗಿಸಿದಳು. ಬಾಯಿಯ ಸ್ಕ್ರೂ ತೆಗೆದು ಜೇಬಿಗಿಳಿಸಿದಳು. “ಮಾವನವರನ್ನ ಕರಿ.”

ಮಾವ ಬಂದು ಬಾಗಿಲಲ್ಲೇ ನಿಂತರು.

“ಮೊದಲ ಶನಿವಾರದ ಕಳ್ಳ ಅಪ್‌ಗ್ರೇಡೇ,” ಎಂದಳು ತಂತಿಯಕ್ಕ. “ಹಳೇ ಡ್ರೈವರ್ ಹೊಸ ಸಿಸ್ಟಮ್‌ಗೆ ಒಗ್ಗಲಿಲ್ಲ. ಭಾನುವಾರ ಹೊಸ ಡ್ರೈವರ್ ಬಂತು, ಆ ಕಳ್ಳ ಓಡಿಹೋದ. ಮಂಗಳವಾರದ ಕಳ್ಳ ಬೇರೆ! ಇಲ್ಲಿ ಬೆರಳುದ್ದದ ಎರಡು ಆಂಟೆನಾ ಇರಬೇಕಿತ್ತು. ಯಾರೋ ಬಿಚ್ಚಿದಾರೆ. ಅವಿಲ್ಲದಿದ್ರೆ ವೈಫೈ ಪೆಟ್ಟಿಗೆ ಪಕ್ಕದಲ್ಲಿಟ್ರೆ ಮಾತ್ರ ಕೆಲಸ ಮಾಡುತ್ತೆ. ಬಿಚ್ಚಿದ ಜಾಗ ನೋಡು.”

ಸೊಸೆ ಬಗ್ಗಿ ನೋಡಿದಳು. ಎರಡು ಹಿತ್ತಾಳೆ ತುದಿಗಳಿಗೆ ಮೇಣದ ಕಾಗದದ ಪುಟ್ಟ ಟೋಪಿಗಳು. ಬೈಂಡಿಂಗ್ ದಾರದಿಂದ ಎರಡೆರಡು ಸುತ್ತು, ಮೇಲೊಂದು ಅಚ್ಚುಕಟ್ಟು ಗಂಟು.

“ಧೂಳು ಕೂರಬಾರದು ಅಂತ ಯಾವ ಕಳ್ಳ ಟೋಪಿ ಹಾಕ್ತಾನೆ? ಬಿಚ್ಚಿದ್ದನ್ನ ಹಾಗೇ ಬಿಡೋಕೆ ಕೈ ಬಾರದವರು ಮಾತ್ರ. ಕಾಣಬಾರದು ಅಂತ ಎದೆಗವಚ್ಕೊಂಡು ಹೊರೋರು ಮಾತ್ರ. ಅಲ್ವಾ ಯಜಮಾನ್ರೆ?”

ಮಾವನ ಕೈ ಅಂಗಿಯ ಜೇಬಿಗೆ ಹೋಯಿತು. ಎರಡು ಕಪ್ಪು ಕಡ್ಡಿಗಳು ಹೊರಬಂದವು.

“ಇವೇ ಸಿಗ್ನಲ್ ಹಿಡಿಯೋದು ಅಂತ ಸಲೂನಿನವನು ಹೇಳಿದ್ದ,” ಎಂದರು ತಲೆ ತಗ್ಗಿಸಿ. “ಅವತ್ತು ಕೆಳಗಿಟ್ಟಾಗ ಮಗನ ದನಿ ಕಿವಿಗೆ ಬಿತ್ತಮ್ಮ. ಹನ್ನೊಂದು ತಿಂಗಳಾಗಿತ್ತು. ಮೂಗು ಕಟ್ಟಿದ ಹಾಗಿತ್ತು. ಶೀತ ವಾಸಿಯಾಯ್ತೋ ಇಲ್ವೋ ತಿಳಿಬೇಕಿತ್ತು. ಭಾನುವಾರ ಸರಿಹೋಯ್ತಲ್ಲ, ಇವನ್ನ ಬಿಚ್ಚದಿದ್ರೆ ನೀನು ಮೇಲೇ ಮಾತಾಡ್ತಿದ್ದೆ.”

ಸೊಸೆಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಈ ಮನೆಯಲ್ಲಿ ಅವನಿಗಾಗಿ ಜೀವ ಬಿಡುತ್ತಿರುವವಳು ತಾನೊಬ್ಬಳೇ ಎಂದುಕೊಂಡಿದ್ದಳಲ್ಲ! ಅದಕ್ಕೆ ನಾಚಿಕೆಯೂ ಆಯಿತು.

ತಂತಿಯಕ್ಕ ಕಡ್ಡಿಗಳನ್ನು ಕೂರಿಸಿ ಮೆಟ್ಟಿಲಿಳಿದಳು. ಸರಿಯಾಗಿ ನಾಲ್ಕಕ್ಕೆ ಕರೆ ಬಂತು. ಮಾವ ಹೊರಟರು. ಸೊಸೆ ಅವರ ತೋಳು ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು.

“ಅಪ್ಪಾ?”

ಮಾವ ಪರದೆಯ ಹತ್ತಿರಕ್ಕೆ ಬಗ್ಗಿದರು. ಶೀತದ ವಿಷಯ ಕೇಳಲಿಲ್ಲ.

“ಸಹಿ ಹಾಕ್ಬೇಡ ಕಣೋ. ಬಂದ್ಬಿಡು. ಈ ಹುಡುಗಿ ಬಾಯಿಬಿಟ್ಟು ಹೇಳಲ್ಲ. ಇಬ್ರಿಗೂ ಆಗ್ತಿಲ್ಲ.”

ಮಗನ ಮುಖ ಪರದೆಯಲ್ಲಿ ಹಾಗೇ ನಿಂತುಬಿಟ್ಟಿತು. ಸಂಪರ್ಕ ಕಡಿದೇಹೋಯಿತೆಂದು ಸೊಸೆ ಮೂಲೆಯ ಗೆರೆಗಳನ್ನು ನೋಡಿದಳು, ನಾಲ್ಕೂ ಇದ್ದವು. ಆಮೇಲೆ ಅವನು ತೋಳಿನಿಂದ ಕಣ್ಣೊರೆಸಿಕೊಂಡ.